ರಾಮನಗರದ ಸೀಮೆಯ ಗೃಹಜೀವನದಲ್ಲಿ ಅಜ್ಜಿಯ ಸ್ಥಾನ

೧. ವಿಷಯ

ದೇಶದ ಚರಿತ್ರೆಯನ್ನು ಬರೆಯುವವರು ಮೊದಲು ಶಾಸನಗಳನ್ನೂ ಆ ಬಳಿಕ ಕಾವ್ಯಗಳನ್ನೂ ಕಡತಗಳನ್ನೂ ಆಶ್ರಯಿಸುವುದು ವಾಡಿಕೆ. ಈ ಸಾಧನಗಳಿಗೆ ಅವುಗಳದೇ ಆದ ಉದ್ದೇಶವುಂಟು. ಭೂಮಿಯನ್ನು ಕೊಟ್ಟವನಾರು, ಅದರ ಎಲ್ಲೆ ಯಾವುದು, ತುರುಗಾಳಗದಲ್ಲಿ ಮಡಿದವನಾರು ಎಂಬುದನ್ನು ಶಾಸನವು ಹೇಳುತ್ತದೆ. ಕಂದಾಯವೆಷ್ಟು ಎಂಬುದನ್ನು ಕಡತವು ಹೇಳುತ್ತದೆ. ಆದರೆ ಆ ಭೂಮಿಯನ್ನು ಉತ್ತು ಕಂದಾಯವನ್ನು ತೆತ್ತ ಮನೆಯಲ್ಲಿ, ತಾಯಿಯಾದವಳು ಹೊಲಕ್ಕೆ ಹೋಗಿದ್ದಾಗ ತೊಟ್ಟಿಲನ್ನು ತೂಗುತ್ತಿದ್ದವರಾರು ಎಂಬ ಪ್ರಶ್ನೆಗೆ ಇವುಗಳಲ್ಲಿ ಉತ್ತರವನ್ನು ಹುಡುಕುವುದು ಸಲ್ಲದು. ಅದು ಅವುಗಳ ವಿಷಯವೇ ಅಲ್ಲ. ಉತ್ತರವು ಎಲ್ಲರಿಗೂ ತಿಳಿದದ್ದೇ: ಅಜ್ಜಿ. ಎಲ್ಲರಿಗೂ ತಿಳಿದದ್ದಾದುದರಿಂದಲೇ ಅದನ್ನು ಬರೆದಿಡುವ ಶ್ರಮವನ್ನು ಬಹುಮಟ್ಟಿಗೆ ಯಾರೂ ವಹಿಸಲಿಲ್ಲ.

ಪ್ರಕೃತ ವಿಷಯಕ್ಕೆ ಆರಿಸಿಕೊಂಡಿರುವುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆ. ಹಿಂದೆ ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರವೂ ಕಾನಕಾನಹಳ್ಳಿಯೆನಿಸಿದ್ದ ಕನಕಪುರವೂ ಉಳಿದೆರಡು ಊರುಗಳೂ ಬಹುಕಾಲ ಬೆಂಗಳೂರು ಜಿಲ್ಲೆಗೆ ಸೇರಿದ್ದುವು. ೧೯೦೫ರಲ್ಲಿ ಬಿ. ಎಲ್. ರೈಸರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ೯ನೆಯ ಸಂಪುಟದಲ್ಲಿ ಇಲ್ಲಿಯ ಶಾಸನಗಳಿರುವುದು ಆ ಕಾರಣದಿಂದಲೇ. ೨೦೦೭ರಲ್ಲಿ ಈ ಸೀಮೆಯು ರಾಮನಗರ ಜಿಲ್ಲೆಯೆಂದು ಬೇರೆಯಾಗಿ, ೨೦೨೫ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರನ್ನು ಪಡೆಯಿತು. ರೇಷ್ಮೆ, ರಾಗಿ, ಮರದ ಬೊಂಬೆ ಎಂಬ ಮೂರರಿಂದ ಈ ಸೀಮೆಯು ಹೆಸರಾಂತಿದೆ. ಈ ಮೂರರ ಹಿಂದೆಯೂ ಅಜ್ಜಿಯ ದುಡಿಮೆಯಿದೆ ಎಂಬುದನ್ನೂ, ಧರ್ಮಶಾಸ್ತ್ರವು ಆಕೆಗೆ ಕೊಟ್ಟ ಸ್ಥಾನಕ್ಕೂ ಆಕೆ ಮನೆಯಲ್ಲಿ ಮಾಡಿದ ಕೆಲಸಕ್ಕೂ ನಡುವೆ ಇರುವ ಅಂತರವನ್ನೂ ತೋರಿಸುವುದೇ ಇಲ್ಲಿಯ ಉದ್ದೇಶ.

೨. ಪದವಿಚಾರ

ಮೊದಲು ಪದವನ್ನು ವಿಚಾರಿಸಬೇಕು. 'ಆರ್ಯ' ಶಬ್ದದ ತದ್ಭವವು 'ಅಜ್ಜ' ಎಂಬುದು ವ್ಯಾಕರಣವನ್ನು ಓದಿದವರಿಗೆಲ್ಲ ತಿಳಿದ ಸಂಗತಿ. ಅದರ ಸ್ತ್ರೀರೂಪವಾದ 'ಅಜ್ಜಿ' ಎಂಬುದಕ್ಕೆ ಮೂಲಾರ್ಥದಲ್ಲಿ 'ಪೂಜ್ಯಳು' ಎಂದಷ್ಟೇ ಅರ್ಥ. ತಂದೆಯ ತಾಯಿ, ತಾಯಿಯ ತಾಯಿ ಎಂಬ ಸಂಬಂಧವು ಅದರಲ್ಲಿ ಹುಟ್ಟಿನಿಂದ ಬಂದುದಲ್ಲ. ಸಂಸ್ಕೃತದಲ್ಲಾದರೋ 'ಪಿತಾಮಹೀ', 'ಮಾತಾಮಹೀ' ಎಂದು ಎರಡು ಬೇರೆ ಬೇರೆ ಪದಗಳಿವೆ. ಚನ್ನಪಟ್ಟಣ, ರಾಮನಗರಗಳ ಮುಸಲ್ಮಾನರ ಮನೆಗಳಲ್ಲಿ 'ದಾದಿ', 'ನಾನಿ' ಎಂಬ ಭೇದವು ನಡೆದುಬಂದಿದೆ. ಕನ್ನಡವು ಈ ಭೇದವನ್ನು ಹಿಡಿಯದೆ ಇಬ್ಬರನ್ನೂ ಒಂದೇ ಮಾತಿನಿಂದ ಕರೆಯಿತು.

ಇಷ್ಟೇ ಅಲ್ಲ. ಕನ್ನಡದ ಕತೆಗಳಲ್ಲಿ ಪ್ರಸಿದ್ಧಳಾದ 'ಅಡುಗೂಲಜ್ಜಿ' ಯಾರಿಗೂ ರಕ್ತಸಂಬಂಧಿಯಲ್ಲ. ಅಡು, ಕೂಳ್, ಅಜ್ಜಿ ಎಂಬ ಮೂರು ಪದಗಳು ಸೇರಿ ಆದ ಈ ಹೆಸರಿಗೆ, ದಾರಿಹೋಕರಿಗೆ ಅನ್ನವನ್ನು ಅಟ್ಟು ಬಡಿಸುವ ಮುದುಕಿಯೆಂದು ಅರ್ಥ. ಊರು ಬಿಟ್ಟ ರಾಜಕುಮಾರನು ಇಳಿದುಕೊಳ್ಳುವುದು ಆಕೆಯ ಗುಡಿಸಲಿನಲ್ಲಿ. ಆಕೆ ಅವನ ವಂಶವನ್ನು ಕೇಳುವುದಕ್ಕೆ ಮೊದಲು ಅವನ ಹಸಿವನ್ನು ಕೇಳುತ್ತಾಳೆ. ಉಣ್ಣಲಿಕ್ಕಿ ಕಾಪಾಡಿದವಳು ಅಜ್ಜಿ ಎಂಬ ಭಾವವು ಭಾಷೆಯಲ್ಲಿ ಹೀಗೆ ನೆಲೆಗೊಂಡಿದೆ. ಆದುದರಿಂದ ಅಜ್ಜಿತನವೆಂಬುದು ಕನ್ನಡಿಗರ ಮಟ್ಟಿಗೆ ಸಂಬಂಧವೆಷ್ಟೋ ಅಷ್ಟೇ ಒಂದು ಕೆಲಸವೂ ಹೌದು.

೩. ಶಾಸ್ತ್ರದಲ್ಲಿ ಪಿತಾಮಹಿ

ಶಾಸ್ತ್ರಕಾರರು ಪಿತಾಮಹಿಯನ್ನು ಮರೆತವರಲ್ಲ. ಸಂತಾನವಿಲ್ಲದೆ ಸತ್ತವನ ಧನವು, ಅವನ ತಾಯಿಯೂ ಇಲ್ಲದಿದ್ದಲ್ಲಿ, ತಂದೆಯ ತಾಯಿಗೆ ಸಲ್ಲಬೇಕೆಂದು ಮನುಸ್ಮೃತಿಯ ೯ನೆಯ ಅಧ್ಯಾಯದಲ್ಲಿ ವಿಧಿಯಿದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (೧೦೭೬–೧೧೨೬) ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಈ ವಿಧಿಯನ್ನು ಎತ್ತಿಕೊಂಡು, ಸೋದರರೂ ಅವರ ಮಕ್ಕಳೂ ಇಲ್ಲದಾಗ ಬರುವ ಗೋತ್ರಜರಲ್ಲಿ ಪಿತಾಮಹಿಗೇ ಮೊದಲ ಸ್ಥಾನವನ್ನು ಕೊಟ್ಟನು. ಕನ್ನಡನಾಡಿನ ರಾಜಧಾನಿಯೊಂದರಲ್ಲಿ ಹುಟ್ಟಿ, ಮುಂದೆ ಭರತಖಂಡದ ಬಹುಭಾಗಕ್ಕೆ ಪ್ರಮಾಣವಾದ ಗ್ರಂಥದಲ್ಲಿ ಪಿತಾಮಹನಿಗಿಂತ ಪಿತಾಮಹಿಯು ಮುಂದಾಗಿದ್ದಾಳೆ.

ಕರ್ಮಕಾಂಡದಲ್ಲಿಯೂ ಹೀಗೆಯೇ. ನಾಮಕರಣ, ಉಪನಯನ ಮೊದಲಾದ ಶುಭಕರ್ಮಗಳ ಆದಿಯಲ್ಲಿ ಮಾಡುವ ನಾಂದೀಶ್ರಾದ್ಧದಲ್ಲಿ ತಂದೆಯ ವರ್ಗಕ್ಕಿಂತ ಮೊದಲು ತಾಯಿ, ಪಿತಾಮಹಿ, ಪ್ರಪಿತಾಮಹಿ ಎಂಬ ಮಾತೃವರ್ಗವನ್ನು ಕರೆಯುತ್ತಾರೆ. ಉಳಿದ ಶ್ರಾದ್ಧಗಳಲ್ಲಿ ಹಿಂದೆ ನಿಲ್ಲುವ ಅಜ್ಜಿಯರು ಮಗುವಿನ ಕಾರ್ಯ ಬಂದಾಗ ಮುಂದಕ್ಕೆ ಬರುತ್ತಾರೆ.

ಆದರೆ ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಶಾಸ್ತ್ರವು ಕೊಡುವುದು ಸತ್ತವನ ಧನದಲ್ಲಿ ಹಕ್ಕು, ಇಲ್ಲವೆ ಸತ್ತ ಮೇಲೆ ಪಿಂಡ. ಬದುಕಿರುವಾಗ ಆಕೆ ಮಾಡುವ ಕೆಲಸವನ್ನು ಕುರಿತು ಅದು ಮೌನವಾಗಿದೆ. ವಿಭಾಗಕಾಲದಲ್ಲಿ ಸ್ತ್ರೀಯರಿಗೆ ಹೇಳಿದ ಅಂಶವೂ ದಕ್ಷಿಣದೇಶದ ವ್ಯವಹಾರದಲ್ಲಿ ಕಾಲಕ್ರಮದಿಂದ ಲೋಪವಾಗಿ, ವಿಧವೆಯಾದ ಅಜ್ಜಿಗೆ ಅನ್ನವಸ್ತ್ರಗಳಷ್ಟೇ ಉಳಿದುವು. ಮೈಸೂರು ಸಂಸ್ಥಾನವು ೧೯೩೩ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನಿನಿಂದ ಇದನ್ನು ತಿದ್ದಿತು. ತಂದೆಯೂ ಮಕ್ಕಳೂ ಪಾಲಾಗುವಾಗ ತಂದೆಯ ತಾಯಿಗೂ ಪಾಲುಂಟೆಂದು ಅದರಲ್ಲಿ ವಿಧಿಸಲಾಯಿತು. ಆ ತಂದೆಯ ತಾಯಿಯು ಮಕ್ಕಳಿಗೆ ಅಜ್ಜಿಯೇ ತಾನೆ? ಅದುವರೆಗೆ ನಾಲ್ಕು ಊರುಗಳ ಈ ಸೀಮೆಯಲ್ಲಿ ಗಂಡನನ್ನು ಕಳೆದುಕೊಂಡ ಮುದುಕಿಗೆ ಮನೆಯಲ್ಲಿ ಮರ್ಯಾದೆಯು ದೊರೆಯುತ್ತಿದ್ದುದು ಪತ್ರದ ಬಲದಿಂದಲ್ಲ, ಆಕೆಯ ಮಡಿಲಲ್ಲಿದ್ದ ಮೊಮ್ಮಕ್ಕಳ ಬಲದಿಂದ.

ಅಜ್ಜಿಯೆಂದರೆ ಹಣ್ಣಾದ ಮುದುಕಿಯೆಂದೇ ಭಾವಿಸುವುದೂ ಸರಿಯಲ್ಲ. ೧೮೯೪ರಲ್ಲಿ ಮೈಸೂರಿನಲ್ಲಿ ಬಾಲ್ಯವಿವಾಹವನ್ನು ತಡೆಯಲು ಕಾನೂನಾದಾಗ, ಅದು ನಿಷೇಧಿಸಿದುದು ೮ ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು. ಆ ಕಾಲದಲ್ಲಿ ೧೫–೧೬ರಲ್ಲಿ ತಾಯಿಯಾಗಿ, ೩೫ ತುಂಬುವುದರೊಳಗೆ ಅಜ್ಜಿಯಾಗುವುದು ಅಪೂರ್ವವಾಗಿರಲಾರದು. ತನ್ನ ಕೊನೆಯ ಮಗುವನ್ನೂ ಮಗಳ ಮೊದಲ ಮಗುವನ್ನೂ ಒಂದೇ ತೊಟ್ಟಿಲಲ್ಲಿ ತೂಗಿದ ಅಜ್ಜಿಯರು ಹಳೆಯ ಮನೆತನಗಳ ನೆನಪಿನಲ್ಲಿ ಇದ್ದೇ ಇರುತ್ತಾರೆ.

೪. ತೊಟ್ಟಿಲು, ಒಳಲೆ, ರಾಗಿ

ಚನ್ನಪಟ್ಟಣದಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿರುವ ದೊಡ್ಡಮಳೂರಿನ ಅಪ್ರಮೇಯಸ್ವಾಮಿಯ ದೇವಾಲಯವು ಪ್ರಾಚೀನವಾದುದು. ಅಲ್ಲಿ ಮಂಡಿಯೂರಿ ಹರಿದಾಡುವ ಶಿಶುವಿನ ರೂಪದಲ್ಲಿ ಕೃಷ್ಣನ ಮೂರ್ತಿಯಿದೆ. ಜನರು ಅದನ್ನು ಅಂಬೆಗಾಲು ಕೃಷ್ಣನೆಂದು ಕರೆಯುತ್ತಾರೆ. ಪುರಂದರದಾಸರು ಈ ಮೂರ್ತಿಯನ್ನು ನೋಡಿ ಹಾಡಿದರೆಂಬ ಐತಿಹ್ಯವೂ ಉಂಟು. ಸಂತಾನವನ್ನು ಬಯಸುವವರು ಇಲ್ಲಿ ಹರಕೆಯ ತೊಟ್ಟಿಲನ್ನು ಒಪ್ಪಿಸುತ್ತಾರೆ. ಹರಕೆಯನ್ನು ಹೊರುವವರು ದಂಪತಿಗಳಾದರೂ, ಅದನ್ನು ನೆನಪಿಟ್ಟು ಮಗುವನ್ನು ಎತ್ತಿಕೊಂಡು ತೀರಿಸಲು ಹೊರಡಿಸುವವಳು ಸಾಮಾನ್ಯವಾಗಿ ಮನೆಯ ಹಿರಿಯಳೇ.

ಚೊಚ್ಚಲ ಹೆರಿಗೆಯು ತವರಿನಲ್ಲಿ ಆಗುವುದು ಈ ಸೀಮೆಯ ಬಹುತೇಕ ಎಲ್ಲ ಜಾತಿಗಳಲ್ಲಿ ನಡೆದುಬಂದ ಕ್ರಮ. ಆದುದರಿಂದ ಮಗುವಿನ ಮೊದಲ ತಿಂಗಳುಗಳು ತಾಯಿಯ ತಾಯಿಯ ಕೈಯಲ್ಲಿ ಕಳೆಯುತ್ತವೆ. ತೊಟ್ಟಿಲ ಶಾಸ್ತ್ರವಾಗಿ ಬಾಣಂತಿಯು ಗಂಡನ ಮನೆಗೆ ಹೊರಟ ಮೇಲೆ ತಂದೆಯ ತಾಯಿಯ ಪಾಲು ಮೊದಲಾಗುತ್ತದೆ. ಎರಡು ಮನೆಗಳ ಇಬ್ಬರು ಅಜ್ಜಿಯರು ಒಂದೇ ಮಗುವನ್ನು ಒಬ್ಬರಿಂದೊಬ್ಬರು ವಹಿಸಿಕೊಳ್ಳುವ ಈ ಏರ್ಪಾಡಿನಲ್ಲಿ ತಾಯಿಗೆ ವಿಶ್ರಾಂತಿಯೂ ಮಗುವಿಗೆ ನುರಿತ ಕೈಯೂ ದೊರೆಯುತ್ತಿದ್ದುವು.

ಆ ನುರಿತ ಕೈಯ ಸಲಕರಣೆಗಳು ಕೆಲವೇ. ಕಾಲುಗಳನ್ನು ನೀಡಿ ಕುಳಿತು ಮಗುವನ್ನು ಅದರ ಮೇಲೆ ಮಲಗಿಸಿ ಎಣ್ಣೆಯೊತ್ತಿ ನೀರೆರೆಯುವುದು, ಸಾಂಬ್ರಾಣಿಯ ಹೊಗೆಯನ್ನು ಹಿಡಿಯುವುದು, ಬಜೆಯ ಬೇರನ್ನು ಕಲ್ಲಿನ ಮೇಲೆ ತೇಯುವುದು, ಒಳಲೆಯ ಮೂತಿಯನ್ನು ಮಗುವಿನ ತುಟಿಗಿಟ್ಟು ಹನಿಹನಿಯಾಗಿ ಕುಡಿಸುವುದು ಇವೆಲ್ಲ ಪುಸ್ತಕದಿಂದ ಬರುವ ವಿದ್ಯೆಯಲ್ಲ. ಶಾಸ್ತ್ರವು ಅನ್ನಪ್ರಾಶನಕ್ಕೆ ಆರನೆಯ ತಿಂಗಳನ್ನು ಹೇಳಿತು. ಅನ್ನವು ಯಾವುದೆಂಬುದನ್ನು ಈ ಸೀಮೆಯ ಅಜ್ಜಿಯು ತೀರ್ಮಾನಿಸಿದಳು. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಶೋಧಿಸಿದ ಹಿಟ್ಟಿನಿಂದ ಕಾಯಿಸುವ ರಾಗಿಸರಿಯೇ ಆ ಅನ್ನ. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮಿಕ್ಕ ಸುಣ್ಣದ ಸತ್ತ್ವವಿರುವುದನ್ನೂ, ಮೊಳಕೆಯಿಂದ ಧಾನ್ಯವು ಜೀರ್ಣಕ್ಕೆ ಸುಲಭವಾಗುವುದನ್ನೂ ಆಹಾರಶಾಸ್ತ್ರಜ್ಞರು ಅಳೆದು ಹೇಳಿದ್ದಾರೆ. ಅಳತೆಯನ್ನು ಅರಿಯದವಳು ಫಲವನ್ನು ಅರಿತಿದ್ದಳು.

೫. ರೇಷ್ಮೆಯ ಮನೆ

ಅಜ್ಜಿಯ ಕೆಲಸಕ್ಕೂ ಸೀಮೆಯ ಆರ್ಥಿಕ ಚರಿತ್ರೆಗೂ ಇರುವ ಸಂಬಂಧವು ರೇಷ್ಮೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ೧೮ನೆಯ ಶತಮಾನದ ಕೊನೆಯ ಭಾಗದಲ್ಲಿ ಟೀಪುಸುಲ್ತಾನನ ಪ್ರಯತ್ನದಿಂದ ಮೈಸೂರು ನಾಡಿನಲ್ಲಿ ನೆಲೆಗೊಂಡ ಈ ಕೃಷಿಯು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಳ್ಳಿಗಳಲ್ಲಿ ಹೊಲದ ಕೆಲಸವೆಷ್ಟೋ ಅಷ್ಟೇ ಮನೆಯೊಳಗಿನ ಕೆಲಸವಾಯಿತು. ಹುಳು ಬೆಳೆಯುತ್ತಿದ್ದುದು ಮನುಷ್ಯರು ಮಲಗುವ ಸೂರಿನ ಕೆಳಗೇ.

ಮೊಟ್ಟೆಯೊಡೆದ ಹುಳುವು ಗೂಡು ಕಟ್ಟಲು ನಾಲ್ಕು ವಾರಗಳಷ್ಟು ಕಾಲ ಬೇಕು. ಅಷ್ಟರಲ್ಲಿ ಅದು ನಾಲ್ಕು ಬಾರಿ ಪೊರೆ ಬಿಡುತ್ತದೆ. ಸೊಪ್ಪು ತಿನ್ನದೆ ಸುಮ್ಮನಿರುವ ಆ ಸ್ಥಿತಿಯನ್ನು ಸಾಕುವವರು 'ಜ್ವರ' ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲಿನ ಒಂದು ವಾರದಲ್ಲಿ ಹುಳುವು ತನ್ನ ಆಯುಷ್ಯದ ಒಟ್ಟು ಆಹಾರದಲ್ಲಿ ನೂರಕ್ಕೆ ೮೦ಕ್ಕೂ ಮಿಕ್ಕ ಪಾಲನ್ನು ತಿನ್ನುತ್ತದೆ. ನೂರು ಚಿಟ್ಟೆಗಳ ಮೊಟ್ಟೆಯನ್ನು ಸಾಕುವ ಮನೆಯೆಂದರೆ ೪೦ ಸಾವಿರದಷ್ಟು ಹುಳುಗಳ ಮನೆ. ಆ ವಾರದಲ್ಲಿ ಕಂಬಳಿಸೊಪ್ಪನ್ನು ಕೊಯ್ದು ತರುವುದು, ಹಗಲೂ ರಾತ್ರಿಯೂ ಹೊತ್ತುಹೊತ್ತಿಗೆ ಹಾಕುವುದು, ಕಸವನ್ನು ತೆಗೆಯುವುದು, ಬಳಿಕ ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು ಎಂಬ ಕೆಲಸಗಳಲ್ಲಿ ಮನೆಯ ಗಂಡಸರೂ ಹೆಂಗಸರೂ ಕಣ್ಣು ಮುಚ್ಚುವಂತಿಲ್ಲ. ಸೊಪ್ಪು ಒಂದು ಹೊತ್ತು ತಪ್ಪಿದರೆ ಬೆಳೆಯು ಕೆಡುತ್ತದೆ. ಮೈಸೂರಿನ ತಳಿಯು ವರ್ಷಕ್ಕೆ ಹಲವು ಬೆಳೆಗಳನ್ನು ಕೊಡುವುದರಿಂದ ಇಂತಹ ವಾರವು ವರ್ಷದಲ್ಲಿ ನಾಲ್ಕೈದು ಬಾರಿಯಾದರೂ ಬರುವುದು.

ಆ ವಾರದಲ್ಲಿ ಮನೆಯ ಮಕ್ಕಳಿಗೆ ಉಣ್ಣಲಿಕ್ಕಿದವರು ಯಾರು? ಒಂದು ವರ್ಷದ ಕೂಸು, ಮೂರು ವರ್ಷದ ತುಂಟ, ಐದು ವರ್ಷದ ಹುಡುಗಿ ಮೂವರನ್ನೂ ಜಗಲಿಯ ಮೇಲೆ ಕೂಡಿಸಿಕೊಂಡು, ಹುಳುವಿನ ತಟ್ಟೆಗಳ ಬಳಿಗೆ ಹೋಗದಂತೆ ಕಾಯ್ದು, ಮುದ್ದೆಯನ್ನು ಚಿಕ್ಕಚಿಕ್ಕದಾಗಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದವಳು ಅಜ್ಜಿ. ಆಕೆ ಹುಳುವಿನ ಕೋಣೆಯಿಂದ ದೂರವಿರುವುದಕ್ಕೆ ಇನ್ನೊಂದು ಕಾರಣವೂ ಇರುತ್ತಿತ್ತು. ಹೊಗೆಸೊಪ್ಪಿನ ಸೋಂಕು ರೇಷ್ಮೆಹುಳುವಿಗೆ ಮಾರಕ. ಎಲೆ ಅಡಿಕೆಯೊಡನೆ ಹೊಗೆಸೊಪ್ಪನ್ನು ಹಾಕುವ ಮುದುಕಿಯು ಸೊಪ್ಪನ್ನು ಮುಟ್ಟುವಂತಿರಲಿಲ್ಲ. ಹುಳುವಿಗೆ ಸಲ್ಲದ ಕೈಯು ಕೂಸಿಗೆ ಸಲ್ಲುತ್ತಿತ್ತು.

ಗೂಡಿನಿಂದ ನೂಲನ್ನು ಬಿಚ್ಚುವ ಕೆಲಸವು ರಾಮನಗರ, ಚನ್ನಪಟ್ಟಣಗಳ ಮುಸಲ್ಮಾನ ಕುಟುಂಬಗಳಲ್ಲಿ ಹೆಚ್ಚಾಗಿ ಬೆಳೆಯಿತು. ಕುದಿಯುವ ನೀರಿನ ಬಾಂಡಲಿಯೂ ತಿರುಗುವ ರಾಟೆಯೂ ಇರುವ ಕಡೆ ಎಳೆಯ ಮಕ್ಕಳು ಸುಳಿಯುವುದು ಅಪಾಯಕರ. ಅಲ್ಲಿ ಮಕ್ಕಳನ್ನು ಹಿಡಿದಿಟ್ಟುಕೊಳ್ಳುವ ದಾದಿಯ ಕೆಲಸವು ಹಳ್ಳಿಯ ಅಜ್ಜಿಯ ಕೆಲಸದಿಂದ ಭಿನ್ನವಾದುದಲ್ಲ. ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆಯು ಏಷ್ಯಾಖಂಡದಲ್ಲಿಯೇ ದೊಡ್ಡದೆಂದು ಖ್ಯಾತಿ ಪಡೆದಿದೆ. ಅಲ್ಲಿ ಗೂಡಿನ ತೂಕವನ್ನೂ ಬೆಲೆಯನ್ನೂ ಬರೆದುಕೊಳ್ಳುತ್ತಾರೆ. ಆ ಬೆಲೆಯಲ್ಲಿ ಸೊಪ್ಪಿನ ಖರ್ಚೂ ಆಳಿನ ಕೂಲಿಯೂ ಸೇರುತ್ತವೆ. ಮಕ್ಕಳನ್ನು ನೋಡಿಕೊಂಡು ತಾಯಿಯ ಕೈಗಳನ್ನು ಬಿಡುವು ಮಾಡಿಕೊಟ್ಟವಳ ಕೂಲಿಯು ಎಂದೂ ಸೇರಿದುದಿಲ್ಲ.

೬. ಬೊಂಬೆಯೂ ಕತೆಯೂ

ಚನ್ನಪಟ್ಟಣದ ಬೊಂಬೆಗಳಿಗೆ ಹಾಲೆಯ ಮರವೇ ಮುಖ್ಯ ಸಾಮಗ್ರಿ. ಕಡಗೋಲಿನಂತೆ ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿದರೆ ಬಿಸಿಗೆ ಅದು ಕರಗಿ ಹಿಡಿಯುತ್ತದೆ. ಬಳಿಕ ಕೇದಗೆಯ ಜಾತಿಯ ಗರಿಯಿಂದ ಉಜ್ಜಿ ಹೊಳಪನ್ನು ಕೊಡುತ್ತಾರೆ. ಈ ಕಲೆಗೆ ಟೀಪುವಿನ ಕಾಲದ ಆಶ್ರಯವಿತ್ತೆಂದು ಪ್ರತೀತಿ. ೨೦ನೆಯ ಶತಮಾನದಲ್ಲಿ ಬಾವಾಸ್ ಮಿಯಾ ಎಂಬವರು ಜಪಾನಿನ ವಿಧಾನಗಳನ್ನು ಅಳವಡಿಸಿ ಇದನ್ನು ಬೆಳೆಸಿದರು. ಗಿಲಕಿ, ಬುಗುರಿ, ನಿಲ್ಲಲು ಕಲಿತ ಮಗು ಹಿಡಿದು ತಳ್ಳುವ ಮೂರು ಗಾಲಿಯ ಗಾಡಿ ಇವುಗಳ ಕ್ರಮವನ್ನು ನೋಡಿದರೆ ಮಗುವಿನ ಬೆಳವಣಿಗೆಯ ಕ್ರಮವೇ ಕಾಣುತ್ತದೆ. ಕೆಂಗಲ್ಲಿನ ಆಂಜನೇಯನ ಜಾತ್ರೆಯಿಂದಲೋ ಮಾಗಡಿಯ ರಂಗನಾಥನ ತೇರಿನಿಂದಲೋ ಸೆರಗಿನ ಗಂಟನ್ನು ಬಿಚ್ಚಿ ಇಂತಹದೊಂದನ್ನು ಕೊಂಡುತರುವುದು ಅಜ್ಜಿಯ ಪಾಲಿನ ಸಂತೋಷವಾಗಿತ್ತು. ಅಸಲಿಗಿಂತ ಬಡ್ಡಿಯ ಮೇಲೆ ಆಸೆ ಹೆಚ್ಚು ಎಂಬ ಗಾದೆಯು ಮೊಮ್ಮಕ್ಕಳನ್ನು ಕುರಿತೇ ಹುಟ್ಟಿದುದು.

ಬೊಂಬೆಗೆ ಕಾಸು ಬೇಕು, ಕತೆಗೆ ಬೇಡ. ದೀಪವಾರಿದ ಮೇಲೆ ಒಂದೇ ಕಂಬಳಿಯಲ್ಲಿ ಮಲಗಿದ ಮಕ್ಕಳಿಗೆ ಹೇಳುತ್ತಿದ್ದ ಕತೆ, ಒಗಟು, ಲಾಲಿಗಳಿಂದಲೇ ಮಗುವು ಭಾಷೆಯನ್ನು ಕಲಿಯಿತು. ಅಕ್ಷರವನ್ನು ಅರಿಯದ ಅಜ್ಜಿಯೇ ಮನೆಯ ಮೊದಲ ಉಪಾಧ್ಯಾಯಿನಿ. ೧೯೯೪ರಲ್ಲಿ ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಹಳೆಯ ಕಾಲದ ಮನೆಬಳಕೆಯ ವಸ್ತುಗಳನ್ನು ಶೇಖರಿಸಿಟ್ಟಿರುವುದು ನಾಡಿಗೆ ಆದ ದೊಡ್ಡ ಉಪಕಾರ. ವಸ್ತುಗಳನ್ನು ಹೀಗೆ ಉಳಿಸಬಹುದು. ಅವುಗಳನ್ನು ಬಳಸಿದ ಕೈಗಳ ವೃತ್ತಾಂತವನ್ನು ಬರೆದಿಟ್ಟರೆ ಮಾತ್ರ ಉಳಿಸಬಹುದು.

೭. ಪೂರ್ವಪಕ್ಷ

ಅಜ್ಜಿಯನ್ನು ಹೀಗೆ ಹೊಗಳುವುದು ಏಕಪಕ್ಷೀಯವೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಹೆರಿಗೆಯಾದೊಡನೆ ಬರುವ ಮೊದಲ ಹಾಲನ್ನು ಹಿಂಡಿ ಚೆಲ್ಲಿಸುವುದು, ಬಾಣಂತಿಗೆ ನೀರನ್ನು ಕಡಿಮೆ ಮಾಡುವುದು, ಕೂಸಿಗೆ ಬರೆಯೆಳೆಯುವುದು ಇವೂ ಹಿರಿಯರ ಮಾತಿನಿಂದಲೇ ನಡೆದುಬಂದುವು. ಆ ಮೊದಲ ಹಾಲೇ ಕೂಸಿಗೆ ರಕ್ಷೆಯೆಂದೂ, ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡವೆಂದೂ ವೈದ್ಯರು ಇಂದು ಹೇಳುತ್ತಾರೆ. ಒಳಲೆಗೂ ತೇಯ್ದ ಬೇರಿಗೂ ಈ ಮಾತು ಅನ್ವಯಿಸುತ್ತದೆ. ಮಗನ ಮಗುವಿಗೆ ಕರುಣಾಮಯಿಯಾದವಳೇ ಆ ಮಗುವಿನ ತಾಯಿಗೆ ಕಠಿಣಳಾದ ಅತ್ತೆಯಾಗಿದ್ದ ಮನೆಗಳೂ ಇದ್ದುವು.

ಇದಕ್ಕೆ ಸಮಾಧಾನವೇನೆಂದರೆ, ಇಲ್ಲಿ ಸಾಧಿಸಬೇಕಾದುದು ಅಜ್ಜಿಯ ನಿರ್ದೋಷತ್ವವಲ್ಲ, ಆಕೆಯ ಅವಶ್ಯಕತೆ. ರಾಜರ ದೋಷಗಳನ್ನು ಬಲ್ಲೆವಾದರೂ ಅವರ ಚರಿತ್ರೆಯನ್ನು ಬರೆಯುವುದನ್ನು ಬಿಟ್ಟವರಿಲ್ಲ. ದುಡಿದವರ ಚರಿತ್ರೆಗೂ ಅದೇ ನ್ಯಾಯವು ಸಲ್ಲಬೇಕು.

೮. ಈಚಿನ ಕಾಲ

ಸ್ವಾತಂತ್ರ್ಯಾನಂತರ ಎಳೆಯರ ಪೋಷಣೆಯನ್ನು ರಾಜ್ಯವೂ ವಹಿಸಿಕೊಂಡಿತು. ೧೯೭೫ರ ಅಕ್ಟೋಬರ್ ೨ರಂದು ಮೊದಲಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರದಿಂದ ಆರಂಭವಾಗಿ ಊರೂರಿಗೂ ಅಂಗನವಾಡಿಯಾಗಿ ಬಂದಿತು. ೨೦೨೩ರಲ್ಲಿ ೪,೦೦೦ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ರಾಜ್ಯ ಸರ್ಕಾರವು ಘೋಷಿಸಿತು. ರೇಷ್ಮೆಯಲ್ಲಿಯೂ ಎಳೆಹುಳುಗಳನ್ನು ಸಾಕಿ ಕೊಡುವ ಚಾಕಿ ಕೇಂದ್ರಗಳು ಹುಟ್ಟಿವೆ. ಹುಳುವಿನ ಮನೆಯನ್ನು ಬೇರೆಯಾಗಿ ಕಟ್ಟುತ್ತಾರೆ. ಆದರೂ ಅಂಗನವಾಡಿಯ ಬಾಗಿಲು ಮುಚ್ಚಿದ ಮೇಲೆ, ಬಿಡದಿಯ ಕಾರ್ಖಾನೆಗೋ ಬೆಂಗಳೂರಿನ ಸಿದ್ಧ ಉಡುಪಿನ ಕೆಲಸಕ್ಕೋ ಹೋದ ತಾಯಿ ಸಂಜೆಯ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಹಿಂದಿರುಗುವವರೆಗೆ, ಮಗುವಿರುವುದು ಹಲವು ಮನೆಗಳಲ್ಲಿ ಅಜ್ಜಿಯ ಬಳಿಯೇ.

ಕಾನೂನು ಇದನ್ನು ಅರ್ಧ ಮಾತ್ರ ಕಂಡಿದೆ. ೧೯೫೬ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವದ ಕಾನೂನು ಸಹಜ ಪೋಷಕರನ್ನು ಹೇಳುವಲ್ಲಿ ಅಜ್ಜಿಯನ್ನು ಎಣಿಸುವುದಿಲ್ಲ. ಅದೇ ವರ್ಷದ ಉತ್ತರಾಧಿಕಾರದ ಕಾನೂನಿನಲ್ಲಿ ತಂದೆಯ ತಾಯಿಯು ಎರಡನೆಯ ವರ್ಗದ ವಾರಸುದಾರರಲ್ಲಿದ್ದಾಳೆ. ೨೦೦೭ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯನ್ನು ಕುರಿತು ಆದ ಕಾನೂನು ಪ್ರಾಪ್ತವಯಸ್ಕರಾದ ಮೊಮ್ಮಕ್ಕಳ ಮೇಲೆಯೂ ಹೊಣೆಯನ್ನು ಹೊರಿಸಿತು. ಸಾಕಿದವಳನ್ನು ಸಾಕಬೇಕೆಂಬ ಋಣವು ಇಲ್ಲಿ ವಿಧಿಯಾಯಿತು. ಸಾಕಿದಳೆಂಬ ಸಂಗತಿಗೆ ಮಾತ್ರ ಇನ್ನೂ ದಾಖಲೆಯಿಲ್ಲ.

೯. ಉಪಸಂಹಾರ

ಮಾಗಡಿ ತಾಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರಿಗೆ ಮಕ್ಕಳಿರಲಿಲ್ಲ. ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ಲಿನಿಂದ ಕುದೂರಿನವರೆಗಿನ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ನೀರನ್ನು ಹೊತ್ತು ಹಾಕಿ, ದನಕರುಗಳಿಂದ ಕಾಯ್ದು, ೩೮೦ಕ್ಕೂ ಮಿಕ್ಕ ಮರಗಳನ್ನು ಮಕ್ಕಳೆಂದೇ ಸಾಕಿದರು. ೨೦೧೯ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು; ೨೦೨೫ರ ನವೆಂಬರ್ ೧೪ರಂದು ಅವರು ತೀರಿಕೊಂಡರು. ಹೆತ್ತ ಮಕ್ಕಳೂ ಮೊಮ್ಮಕ್ಕಳೂ ಇಲ್ಲದ ಅವರನ್ನು ನಾಡೇ ಅಜ್ಜಿಯೆಂದು ಕರೆಯಿತು. ಅಡುಗೂಲಜ್ಜಿಯ ವಿಷಯದಲ್ಲಿ ಹೇಳಿದ ಮಾತಿಗೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಿಲ್ಲ. ಎಳೆಯದನ್ನು ಕಾಪಾಡುವ ಹಿರಿಯಳು ಅಜ್ಜಿ.

ತಿಮ್ಮಕ್ಕನವರ ಕೆಲಸವು ದಾರಿಯ ಇಕ್ಕೆಲದಲ್ಲಿ ಕಣ್ಣಿಗೆ ಕಾಣುವಂತೆ ನಿಂತಿದೆ. ಮನೆಯೊಳಗಿನ ಅಜ್ಜಿಯರ ಕೆಲಸವು ಬೆಳೆದು ದೊಡ್ಡವರಾದ ಮಕ್ಕಳ ಮೈಯಲ್ಲಿಯೂ ನಾಲಗೆಯಲ್ಲಿಯೂ ಅಡಗಿದೆ. ಅದನ್ನು ಹೊರತೆಗೆಯಲು ಕೆಲವು ಸಾಮಾನ್ಯವಾದ ಪ್ರಶ್ನೆಗಳು ಸಾಕು. ಮನೆಯ ವಂಶವೃಕ್ಷವನ್ನು ಬರೆದುಕೊಳ್ಳುವಾಗ ಹೆಣ್ಣುಗಳ ಹೆಸರನ್ನೂ ತವರನ್ನೂ ಬರೆಯಬೇಕು. ಅಜ್ಜಿಯಾದಾಗ ಆಕೆಯ ವಯಸ್ಸೆಷ್ಟು, ಎಷ್ಟು ಮಕ್ಕಳನ್ನು ಸಾಕಿದಳು, ಅವರಲ್ಲಿ ತಾಯಿಯಿಲ್ಲದವರೆಷ್ಟು, ಆಗ ಮನೆಯವರು ಯಾವ ದುಡಿಮೆಯಲ್ಲಿದ್ದರು, ಏನನ್ನು ಉಣಿಸಿದಳು, ಯಾವ ಕತೆಯನ್ನು ಹೇಳಿದಳು, ಪಾಲಾದಾಗ ಆಕೆಗೆ ಬಂದುದೇನು ಎಂಬುದನ್ನು ಕೇಳಿ ಬರೆಯಬೇಕು. ಉತ್ತರವನ್ನು ಹೇಳಬಲ್ಲವರು ಇನ್ನೂ ಊರೂರುಗಳಲ್ಲಿದ್ದಾರೆ. ಶಿಲಾಶಾಸನವು ಇನ್ನೂ ನೂರು ವರ್ಷ ಕಾಯಬಲ್ಲುದು, ಇವರು ಕಾಯಲಾರರು.